ವರದಕ್ಷಿಣೆಗೆ ಸಿಗದ ಬಾಂದ್ರಾ

ಮುಂಬೈಯನ್ನು ವರದಕ್ಷಿಣೆಯಾಗಿ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನಿಗೂ ಮದುವೆಯ ಒಪ್ಪಂದವಾಯಿತು. ಹೆಣ್ಣಿನ ಕಡೆಯವರು ಬಾಂಬೆಯನ್ನು ಬರೆದುಕೊಟ್ಟರು. ಆದರೆ ನಾಲ್ಕು ಮದುವೆಮನೆಯಲ್ಲಿ ಓಡಾಡಿ, ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಗೊತ್ತಿರುವ ನನ್ನಂಥವಳು ಕೇಳುವ ಪ್ರಶ್ನೆಯೇ ಬೇರೆ. ಕೊಟ್ಟದ್ದೇನೋ ಸರಿ, ಕೊಡದೆ ಒಳಗೆ ಇಟ್ಟುಕೊಂಡದ್ದು ಏನು? ಇಟ್ಟುಕೊಂಡದ್ದು ಬಾಂದ್ರಾ. ಮಾಹಿಮ್ ಕೊಲ್ಲಿಯ ದಕ್ಷಿಣಕ್ಕಿದ್ದ ದ್ವೀಪಗಳು ಗಂಡಿನ ಕಡೆಗೆ ಹೋದವು. ಉತ್ತರಕ್ಕಿದ್ದ ಸಾಲ್ಸೆಟ್, ಅದರ ತುದಿಯಲ್ಲಿ ಕೂತ ಬಾಂದ್ರಾ, ಪೋರ್ಚುಗೀಸರ ಕೈಯಲ್ಲೇ ಉಳಿದವು. ಅದೂ ಸೇರುತ್ತದೆ ಅಂತ ಇಂಗ್ಲಿಷರು ತಕರಾರು ತೆಗೆದರು. ಎಲ್ಲ ಬೀಗರೂ ತೆಗೆಯುತ್ತಾರೆ. ಪೋರ್ಚುಗೀಸರು ಜಗ್ಗಲಿಲ್ಲ. 1640ರಲ್ಲೇ ಅಲ್ಲಿ ಕೊಲ್ಲಿಯ ಬಾಯಿಗೆ ಒಂದು ಕೋಟೆಯನ್ನೂ ಕಟ್ಟಿ ಕೂತಿದ್ದರು. 1739ರಲ್ಲಿ ಮರಾಠರು ಬಂದು ಎಬ್ಬಿಸುವವರೆಗೂ ಕದಲಲಿಲ್ಲ.

ಅದಕ್ಕೇ ಇರಬೇಕು, ಬಾಂದ್ರಾಕ್ಕೆ ಇವತ್ತಿಗೂ ತವರುಮನೆಯಲ್ಲೇ ಉಳಿದುಬಿಟ್ಟ ಮುದ್ದಿನ ಮಗಳ ಠೀವಿ. ಯಾರ ಮಾತನ್ನೂ ಕೇಳುವುದಿಲ್ಲ, ಬೆಳಿಗ್ಗೆ ತಡವಾಗಿ ಏಳುತ್ತದೆ, ನೋಡಲು ಬಂದವರ ಮುಂದೆ ತಲೆ ಬಾಚಿಕೊಳ್ಳದೆ ಓಡಾಡುತ್ತದೆ. ಅದನ್ನೇ ಜನ ಸ್ಟೈಲ್ ಅನ್ನುತ್ತಾರೆ.

ಮೊದಲೆಲ್ಲ ಮುಂಬೈಯಿಂದ ಇಲ್ಲಿಗೆ ದೋಣಿಯೇ ಗತಿ. ನಡುವೆ ಜೌಗು, ಕೆಸರು. ರಸ್ತೆ ಮಾಡಿಕೊಡಿ ಅಂದರೆ ಕಂಪನಿ ಸರ್ಕಾರ ದುಡ್ಡಿಲ್ಲ ಅಂದಿತು (ಈ ಮಾತನ್ನು ಯಾವ ಸರ್ಕಾರ ಹೇಳಿಲ್ಲ ಹೇಳಿ). ಆಗ ಪಾರ್ಸಿ ವ್ಯಾಪಾರಿ ಜಮ್‌ಶೇಟ್‌ಜೀ ಜೀಜೀಭಾಯ್ ಅವರ ಹೆಂಡತಿ ಆವಾಬಾಯಿ ತಾವೇ 1,57,000 ರೂಪಾಯಿ ಕೊಟ್ಟರು. ಓಡಾಡುವವರ ಹತ್ತಿರ ಸುಂಕ ಕೀಳಬಾರದು ಅಂತ ಷರತ್ತನ್ನೂ ಹಾಕಿದರು. 1845ರಲ್ಲಿ ಮಾಹಿಮ್ ಕಾಸ್‌ವೇ ಆಯಿತು. ಅಲ್ಲಿಂದ ಕಣ್ಣು ಹಾಯಿಸಿದರೆ ಕಾಣುವ ಬಾಂದ್ರಾ–ವರ್ಲಿ ಸೀ ಲಿಂಕ್ ಬಂದದ್ದು 2009ರಲ್ಲಿ, 5.6 ಕಿಲೋಮೀಟರ್ ಉದ್ದ. ಅದರ ಮೇಲೆ ಸಾಗಬೇಕಾದರೆ ಟೋಲ್ ಕಟ್ಟಬೇಕು. "ಹೆಂಗಸು ದುಡ್ಡು ಹಾಕಿದ ರಸ್ತೆಗೂ ಗಂಡಸರು ಕಟ್ಟಿಸಿದ ರಸ್ತೆಗೂ ಇಷ್ಟೇ ವ್ಯತ್ಯಾಸ" ಅಂತ ಅಲ್ಲಿ ಹೋಗುವಾಗ ಗಂಡನಿಗೆ ಅಂದೆ. ನಮ್ಮವರು ಟ್ಯಾಕ್ಸಿಯ ಕಿಟಕಿಯಾಚೆ ಸಮುದ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ನಾವು ಹೋದದ್ದು ಅಕ್ಕನ ಮಗಳ ಕಾರಣಕ್ಕೆ. ಜಾಹೀರಾತು ಕಂಪನಿಯಲ್ಲಿ ಕೆಲಸ. ಇಬ್ಬರು ಗೆಳತಿಯರ ಜೊತೆ ಒಂದು ಹಳೇ ಬಿಲ್ಡಿಂಗಿನಲ್ಲಿ ಬಾಡಿಗೆಗೆ ಇದ್ದಾಳೆ. ಆ ಬಾಡಿಗೆಯ ಮೊತ್ತವನ್ನು ಅಕ್ಕ ಇದುವರೆಗೂ ಭಾವನಿಗೆ ಪೂರ್ತಿ ಹೇಳಿಲ್ಲ. ಹೊರಡುವ ಮುಂಚೆಯೇ ಫೋನಿನಲ್ಲಿ ಪಾಠ ಶುರು ಮಾಡಿದ್ದಳು. "ಚಿಕ್ಕಮ್ಮ, ಬಾಂದ್ರಾದಲ್ಲಿ ನೋಡೋ ಸ್ಥಳ ಯಾವ್ಯಾವುದು ಅಂತೆಲ್ಲ ಪಟ್ಟಿ ಕೇಳಬೇಡ. ಅಲ್ಲಿ ಸುಮ್ಮನೆ ಇರಬೇಕು, ಅಷ್ಟೇ."

"ಸುಮ್ಮನೆ ಇರೋದಕ್ಕೆ ನಮ್ಮ ಬಸವನಗುಡಿ ಮನೇನೇ ಸಾಕಿತ್ತಲ್ಲ, ವಿಮಾನದ ಚಾರ್ಜು ಯಾಕೆ?" ಅಂದರು ಇವರು. ಬ್ಯಾಂಕಿನಲ್ಲಿ ಇದ್ದು ನಿವೃತ್ತರಾದವರು. ಏನು ನೋಡಿದರೂ ಮೊದಲು ಲೆಕ್ಕದ ಕಡೆಯಿಂದ ನೋಡುತ್ತಾರೆ.

ಎರಡನೇ ಪಾಠ: ಬಾಂದ್ರಾ ಅಂದರೆ ಪಶ್ಚಿಮ ಬಾಂದ್ರಾ ಮಾತ್ರ. ರೈಲು ಹಳಿಯ ಆಚೆಗೂ ಬಾಂದ್ರಾ ಇದೆ. ಠಾಕ್ರೆಯವರ ಮನೆ ಮಾತೋಶ್ರೀ ಇದೆ, ಬ್ಯಾಂಕು–ಕಂಪನಿಗಳ ಗಾಜಿನ ಕಟ್ಟಡಗಳು ತುಂಬಿದ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್ ಇದೆ. ಆದರೆ "ನಾನು ಬಾಂದ್ರಾದಲ್ಲಿರೋದು" ಅಂತ ಸ್ವಲ್ಪ ಗದ್ದ ಎತ್ತಿ ಹೇಳುವವರು ಹಳಿಯ ಪಶ್ಚಿಮಕ್ಕಿರುವವರು. ಪೂರ್ವದವರು ಪ್ರಾಮಾಣಿಕವಾಗಿ "ಬಾಂದ್ರಾ ಈಸ್ಟ್" ಅನ್ನುತ್ತಾರೆ. ನಮ್ಮಲ್ಲೂ ಜಯನಗರದ ಮುಂದಿನ ಬಡಾವಣೆಯವರು "ಜಯನಗರದ ಹತ್ತಿರ" ಅನ್ನುವುದಿಲ್ಲವೇ.

ಇಲ್ಲಿ ನಮ್ಮವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆಟೋರಿಕ್ಷಾ. ಕೈ ತೋರಿಸಿದೆವು, ನಿಂತಿತು. ಕೂತೆವು, ಆಟೋದವನು ಏನೂ ಕೇಳದೆ ಮೀಟರ್ ಹಾಕಿದ. ನಮ್ಮವರು ನನ್ನ ಕೈ ಹಿಡಿದುಕೊಂಡರು. ಮದುವೆಯಾದ ಹೊಸದರಲ್ಲಿ ಕೂಡ ಆಟೋದಲ್ಲಿ ಕೈ ಹಿಡಿದವರಲ್ಲ. ಇಳಿಯುವಾಗ ಮೀಟರು 26 ರೂಪಾಯಿ ತೋರಿಸುತ್ತಿತ್ತು, 30 ಕೊಟ್ಟರು, ಆಟೋದವನು ಅಂಗಿಯ ಜೇಬು ತಡಕಿ 4 ರೂಪಾಯಿ ವಾಪಸು ಕೊಟ್ಟ. "ಮೇಲೆ ಏನೂ ಕೇಳಲಿಲ್ಲ ಕಣೇ! ಮಳೆ ಬರ್ತಿದೆ ಅಂತಲೂ ಕೇಳಲಿಲ್ಲ!" ಅಂತ ಅವತ್ತು ಸಂಜೆಯವರೆಗೂ ಹೇಳಿದರು. ಆಮೇಲೆ ಸುಮ್ಮಸುಮ್ಮನೆ ಆಟೋ ಹತ್ತತೊಡಗಿದರು. ಈ ಕೋಟೆ ನೋಡೋಣ, ಆ ಚರ್ಚು ನೋಡೋಣ ಅಂತ ನಾವು ಅಂದುಕೊಂಡಿದ್ದರೆ, ಅವರು ಮೀಟರು ನೋಡುತ್ತಾ ಬಾಂದ್ರಾ ಸುತ್ತಿದರು. ಒಂದೇ ಕೊರತೆ, ಆಟೋಗಳಿಗೆ ಮಾಹಿಮಿಗಾಗಲಿ ಅದರಾಚೆಗಾಗಲಿ ಪ್ರವೇಶವಿಲ್ಲ. ಹಳೇ ಮುಂಬೈ ಟ್ಯಾಕ್ಸಿಯದು. ಆಟೋದ ಸಾಮ್ರಾಜ್ಯ ಬಾಂದ್ರಾದಲ್ಲೇ ಮುಗಿಯುತ್ತದೆ.

ಬಾಂದ್ರಾದ ಶೋಕಿಯ ಅಂಗಡಿಗಳೆಲ್ಲ ಈಗ ನೆರೆದಿರುವುದು ರನ್ವಾರ್ ಅನ್ನುವ ಕಡೆ. ಅದು ಒಂದು ಹಳ್ಳಿ. ಹಳ್ಳಿ ಅಂದರೆ ನಿಜವಾದ ಹಳ್ಳಿ, ನಮ್ಮ ಕಂದಾಯ ಕಾಗದಗಳಲ್ಲಿ ಗ್ರಾಮಠಾಣಾ ಅಂತ ಬರುತ್ತದಲ್ಲ, ಅದನ್ನೇ ಅಲ್ಲಿ ಗಾವ್‌ಠಾಣ ಅನ್ನುತ್ತಾರೆ. ಸುತ್ತ ಶಹರ ಎದ್ದು ನಿಂತಿತು, ಇದು ನಡುವೆ ಕೂತೇ ಇತ್ತು. ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕಾದ ಓಣಿಗಳು, ಮರದ ಕಂಬಿಯ ಬಾಲ್ಕನಿ, ಹೊರಗಡೆಯಿಂದಲೇ ಮಹಡಿಗೆ ಹತ್ತುವ ಮೆಟ್ಟಿಲು, ಮೇಲೆ ಮಂಗಳೂರು ಹೆಂಚು. ಹೌದು, ನಮ್ಮ ಹೆಂಚೇ. ನೇತ್ರಾವತಿಯ ಮಣ್ಣು ಬೆಂದು ಹಡಗು ಹತ್ತಿ ಬಂದು ಇಲ್ಲಿ ಫೋಟೋಗೆ ಕೂತಿದೆ. "ನಮ್ಮ ಅಜ್ಜಿ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸಿದಿರಿ, ಈಗ ನೋಡಿ" ಅಂತ ಇವರನ್ನು ಚುಚ್ಚದೆ ಇರಲು ನನ್ನಿಂದ ಆಗಲಿಲ್ಲ. ಓಣಿ ತಿರುಗುವಲ್ಲೆಲ್ಲ ಒಂದೊಂದು ಶಿಲುಬೆ. ಎಷ್ಟೋ ಶಿಲುಬೆಗಳು 1896ರ ಪ್ಲೇಗಿನ ಕಾಲದವು. ಕಾಯಿಲೆ ತಮ್ಮ ಓಣಿಗೆ ಕಾಲಿಡದಿರಲಿ ಅಂತ ಜನ ನೆಟ್ಟದ್ದು. ಇವತ್ತಿಗೂ ಯಾರೋ ಚೆಂಡುಹೂವಿನ ಮಾಲೆ ಹಾಕಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಪ್ಲೇಗಮ್ಮನ ಗುಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮನೆಗಳ ಮೂಲ ಒಡೆಯರು ಪೋರ್ಚುಗೀಸರ ಕಾಲದಲ್ಲೇ ಕ್ರೈಸ್ತರಾದ ಸ್ಥಳೀಯರು. ಮಾತು ಮರಾಠಿಯ ಒಂದು ಬಗೆ, ಇರುವುದು ಪಶ್ಚಿಮ ಕರಾವಳಿಯಲ್ಲಿ, ಕರೆದುಕೊಳ್ಳುವುದು ಈಸ್ಟ್ ಇಂಡಿಯನ್ ಅಂತ! ಗೋವಾದಿಂದ, ಮಂಗಳೂರಿನಿಂದ ಕೆಲಸ ಹುಡುಕಿಕೊಂಡು ಕ್ರೈಸ್ತರು ಬರತೊಡಗಿದಾಗ, ನಾವು ಅವರಲ್ಲ, ಕಂಪನಿ ಕಾಲದಿಂದ ಇಲ್ಲಿರುವವರು ಅಂತ ತೋರಿಸಿಕೊಳ್ಳಲು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ವರ್ಷ, ಈ ಹೆಸರು ಇಟ್ಟುಕೊಂಡರು. ಈಸ್ಟ್ ಇಂಡಿಯಾ ಕಂಪನಿ ಅಷ್ಟು ಹೊತ್ತಿಗೆ ಬಾಗಿಲು ಹಾಕಿಯಾಗಿತ್ತು. ಅಂಗಡಿ ಮುಚ್ಚಿದ ಮೇಲೆ ಬೋರ್ಡು ಇವರ ಮನೆಗೆ ಬಂತು.

ಒಂದು ಓಣಿಯಲ್ಲಿ ಮದುವೆಗೆ ಮುಂಚಿನ ಫೋಟೋಶೂಟ್ ನಡೆದಿತ್ತು. ಹುಡುಗಿ ಮಂಡಿಯವರೆಗಿನ ಹಳದಿ ಗೌನು ಹಾಕಿಕೊಂಡು ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಹುಡುಗ ಯಾರದೋ ಸೈಕಲ್ಲಿಗೆ ಒರಗಿದ್ದ. ಫೋಟೋದವನು ರಸ್ತೆಯ ಮೇಲೆ ಅಂಗಾತ ಮಲಗಿದ್ದ. ಅಷ್ಟರಲ್ಲಿ ಪಾವ್‌ವಾಲಾ ಸೈಕಲ್ ತುಳಿದುಕೊಂಡು ಬಂದ. ಹಿಂದೆ ದೊಡ್ಡ ಬಟ್ಟೆಯ ಗಂಟು, ಅದರೊಳಗೆ ಬಿಸಿ ಪಾವ್. ಮೇಲಿನ ಬಾಲ್ಕನಿಯಿಂದ ನೈಟಿ ತೊಟ್ಟ ಎಪ್ಪತ್ತರ ಮೇಲಿನ ಒಬ್ಬ ಆಂಟಿ, ತಲೆಗೆ ಎರಡು ಕರ್ಲರ್ ಸಿಕ್ಕಿಸಿಕೊಂಡು, ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಸರ್ರನೆ ಇಳಿಸಿದರು. ಆತ ಬುಟ್ಟಿಯಿಂದ ಚಿಲ್ಲರೆ ತೆಗೆದುಕೊಂಡು ಪಾವ್ ಹಾಕಿದ, ಬುಟ್ಟಿ ಮೇಲೆ ಹೋಯಿತು. ಫೋಟೋದವನಿಗೆ ರೋಮಾಂಚನ. ಮಲಗಿದ್ದಲ್ಲಿಂದಲೇ "ಆಂಟೀ, ಒನ್ಸ್ ಮೋರ್ ಪ್ಲೀಸ್!" ಅಂತ ಕೂಗಿದ. ನಮ್ಮ ನಾಟಕ ಕಂಪನಿಗಳ ಕಾಲದಲ್ಲಿ ರಂಗಗೀತೆಗೆ ಒನ್ಸ್ ಮೋರ್ ಇತ್ತು. ಪಾವ್ ಎತ್ತುವುದಕ್ಕೂ ಇರುತ್ತದೆ ಅಂತ ಅವತ್ತು ಗೊತ್ತಾಯಿತು. ಆಂಟಿ ಕೆಳಗೆ ನೋಡಿ, "ನನಗೆ ಆರು ಪಾವ್ ಸಾಕು. ನಿನಗೆ ಒನ್ಸ್ ಮೋರ್ ಬೇಕಾದರೆ ನೀನು ದುಡ್ಡು ಹಾಕು" ಅಂತ ಹಿಂದಿಯಲ್ಲಿ ಹೇಳಿ ಬಾಗಿಲು ಹಾಕಿಕೊಂಡರು.

ಅಕ್ಕನ ಮಗಳ ಪರಿಚಯದ ಇನ್ನೊಬ್ಬ ಆಂಟಿ ಮನೆಯಲ್ಲೇ ಮಸಾಲೆ ಮಾರುತ್ತಾರೆ ಅಂತ ಹೋದೆವು. ನಡುಮನೆಯ ಗೋಡೆಯುದ್ದಕ್ಕೂ ಕಂದು ಬಣ್ಣದ ಬಿಯರ್ ಬಾಟಲಿಗಳ ಸಾಲು. ನಮ್ಮವರ ಮುಖ ಅರಳಿತು. ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು. ಆಂಟಿ ಒಂದು ಬಾಟಲಿಯ ಬಿರಡೆ ತೆಗೆದು ಇವರ ಅಂಗೈಗೆ ಬಗ್ಗಿಸಿದರೆ ಬಿದ್ದದ್ದು ಕೆಂಪು ಪುಡಿ! ಬಾಟಲ್ ಮಸಾಲಾ ಅಂದರೆ ಅದು. ಬೇಸಿಗೆಯಲ್ಲಿ ಕಾಶ್ಮೀರಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಗಸಗಸೆ, ಎಳ್ಳು, ಅರಿಸಿನ, ಇನ್ನೂ ಇಪ್ಪತ್ತು ಬಗೆ ಒಣಗಿಸಿ, ಹುರಿದು, ಕುಟ್ಟಿ, ಬೆಳಕು ತಾಗದಿರಲಿ ಅಂತ ಬಿಯರ್ ಬಾಟಲಿಗೆ ಗಿಡಿದು ಇಟ್ಟರೆ ವರ್ಷವಿಡೀ ಕೆಡುವುದಿಲ್ಲ. ಒಂದೊಂದು ಮನೆಯದು ಒಂದೊಂದು ಅಳತೆ, ಸೊಸೆಗೂ ಸುಲಭಕ್ಕೆ ಹೇಳಿಕೊಡುವುದಿಲ್ಲ. ಇದೆಲ್ಲ ನನಗೆ ಅರ್ಥವಾಗುವ ಭಾಷೆ. ನಾನು ನನ್ನ ಸಾರಿನ ಪುಡಿಯ ಪ್ರವರ ಬಿಚ್ಚಿದೆ, ಬ್ಯಾಡಗಿಯ ಬಣ್ಣದ ಬಗ್ಗೆ ನಾಲ್ಕು ಮಾತು ಜಾಸ್ತಿಯೇ ಹೇಳಿದೆ. ಅವರ ಹಿಂದಿಯೂ ನನ್ನ ಹಿಂದಿಯೂ ಅಷ್ಟಕ್ಕಷ್ಟೇ. ಆದರೂ ಮುಕ್ಕಾಲು ಗಂಟೆ ಮಾತಾಡಿದೆವು. ಬಾಂದ್ರಾದಲ್ಲಿ ನಾನು ಕಂಡ ನಿಜವಾದ ಫ್ಯಾಷನ್ ಶೋ ಅದೇ. ನಮ್ಮವರು ಮಾತ್ರ ಅಂಗೈ ಒರೆಸಿಕೊಳ್ಳುತ್ತಾ, "ಬಾಟಲಿಗೆ ಒಂದು ಮರ್ಯಾದೆ ಬೇಡವಾ" ಅಂತ ಗೊಣಗಿದರು.

ಅಲ್ಲಿಂದ ಎದುರಿಗೇ ಕೆಫೆ. ರನ್ವಾರಿನಲ್ಲಿ ಯಾವ ಮನೆಯಿಂದ ಹೊರಬಂದರೂ ಎದುರಿಗೆ ಕೆಫೆಯೇ. ಹಳೇ ಬೇಕರಿ ಇದ್ದಲ್ಲಿ ಸ್ಯಾಂಡ್‌ವಿಚ್ ಅಂಗಡಿ, ಮನೆ ಇದ್ದಲ್ಲಿ ಬಟ್ಟೆಯಂಗಡಿ, ಗ್ಯಾರೇಜ್ ಇದ್ದಲ್ಲಿ ಚಾಕೊಲೇಟ್. ನಾವು ಹೋದ ಕೆಫೆಯಲ್ಲಿ ಜಾಗಕ್ಕೆ ಹೆಸರು ಬರೆಸಿ ಹೊರಗೆ ಕಾಯಬೇಕು. ಒಳಗೆ ಹೋದರೆ ಗೋಡೆಯ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿದೆ, ವೈರುಗಳು ಸೂರಿನಿಂದ ನೇತಾಡುತ್ತಿವೆ, ಕುರ್ಚಿಗಳು ಒಂದಕ್ಕೊಂದು ಜೊತೆಯಿಲ್ಲ. "ಕೆಲಸ ಇನ್ನೂ ಮುಗಿದಿಲ್ಲವೇನೋ, ಇನ್ನೊಂದು ತಿಂಗಳು ಬಿಟ್ಟು ಬರೋಣವೇ?" ಅಂದರು ಇವರು. ಅಕ್ಕನ ಮಗಳು ಸುತ್ತ ನೋಡಿ, "ಚಿಕ್ಕಪ್ಪ, ಮೆತ್ತಗೆ ಮಾತಾಡಿ. ಅದು ಹಾಗೆ ಕಾಣಲಿ ಅಂತಲೇ ದುಡ್ಡು ಕೊಟ್ಟು ಕೀಳಿಸಿರೋದು" ಅಂದಳು. ನಮ್ಮ ಮನೆಯ ನೀರಿನ ತೊಟ್ಟಿಯ ಪಕ್ಕದ ಗೋಡೆ ಮೂರು ಮಳೆಗಾಲದಿಂದ ಇದೇ ಸ್ಟೈಲಿನಲ್ಲಿದೆ, ಮೇಸ್ತ್ರಿಯನ್ನು ಕರೆಸಿ ಅಂತ ನಾನು ಇವರ ಜೀವ ತಿನ್ನುತ್ತಿದ್ದೆ. ಇನ್ನು ಕರೆಸುವ ಆಸೆ ಬಿಟ್ಟಿದ್ದೇನೆ.

ಕಾಫಿಯ ಜೊತೆ ಒಂದು ಕಾರ್ಡ್ ಬಂತು. ಬೀಜ ಚಿಕ್ಕಮಗಳೂರಿನದು, ಇಷ್ಟು ಎತ್ತರದ ಎಸ್ಟೇಟಿನದು, ಬಾಯಲ್ಲಿ ಬೆಲ್ಲ, ಕಿತ್ತಳೆ ಮತ್ತು ಹುರಿದ ಬಾದಾಮಿಯ ಸುಳಿವು ಸಿಗುತ್ತದೆ ಅಂತ ಬರೆದಿತ್ತು. ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದರು ಅನ್ನುವ ಕಥೆ ಕೇಳಿಕೊಂಡು ಬೆಳೆದ ನಮಗೇ ಕಾಫಿಯ ಜಾತಕ! ನಮ್ಮವರು ಒಂದು ಗುಟುಕು ಕುಡಿದು, ಕಣ್ಣುಮುಚ್ಚಿ, ಬಹಳ ಹೊತ್ತು ಬೆಲ್ಲ ಹುಡುಕಿದರು. "ಸುಳಿವು ಯಾಕೆ ಕೊಡಬೇಕು, ಒಂದು ಅಚ್ಚು ಬೆಲ್ಲವನ್ನೇ ಕೊಡಬಹುದಿತ್ತಲ್ಲ, 300 ರೂಪಾಯಿ ಚಿಲ್ಲರೆ ತಗೊಂಡ ಮೇಲೆ?" ಅಂದರು. ಕಾಫಿ ಕೆಟ್ಟದಾಗಿತ್ತು ಅಂತ ನಾನು ಹೇಳುವುದಿಲ್ಲ. ಚೆನ್ನಾಗಿಯೇ ಇತ್ತು. ಆದರೆ ಬಿಸಿಯಿಲ್ಲದ, ಹಾಲಿಲ್ಲದ, ಲೋಟ–ಬಟ್ಟಲಿಲ್ಲದ ಪದಾರ್ಥಕ್ಕೆ ಕಾಫಿ ಅನ್ನಲು ನಾಲಿಗೆ ಹೊರಳಬೇಕಲ್ಲ.

ಆ ಕೊರತೆ ನೀಗಿದ್ದು ಹಿಲ್ ರೋಡಿನ ಆಸುಪಾಸಿನ ಒಂದು ಉಡುಪಿ ಹೋಟೆಲಿನಲ್ಲಿ. ನಾವು ಇನ್ನೂ ಬೆಂಚಿನ ಮೇಲೆ ಕೂತಿರಲಿಲ್ಲ, ಗಲ್ಲಾದಲ್ಲಿದ್ದ ಶೆಟ್ಟರು ನಮ್ಮ ಮಾತು ಕೇಳಿ, "ಎಂತ, ಬೆಂಗಳೂರಾ?" ಅಂದರು. ಮುಂಬೈಯಲ್ಲಿ ಇವರ ತಲೆಮಾರಿನ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಮುಂದೆ ಬಂದವರು. ನಮ್ಮವರು ಆ ಕೆಫೆಯ ಬಿಲ್ಲಿನ ಕಥೆಯನ್ನು ದೂರಿನ ಸಮೇತ ಹೇಳಿದರು. ಶೆಟ್ಟರು ನಕ್ಕು, "ಅಲ್ಲಿ ಕಾಫಿ ಮಾರುವುದಲ್ಲ ಮಾರಾಯ್ರೇ, ಕುರ್ಚಿ ಬಾಡಿಗೆ. ಇಲ್ಲಿ ಯಾರಾದರೂ ಒಂದು ಕಾಫಿಗೆ ನಾಲ್ಕು ಗಂಟೆ ಕೂತರೆ ನಾನು ಟೇಬಲ್ ಒರೆಸಲಿಕ್ಕೆ ಹುಡುಗನನ್ನು ಮೂರು ಸಲ ಕಳಿಸ್ತೇನೆ" ಅಂದರು. ಬಾಂದ್ರಾದ ಅರ್ಥಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನಮಗೆ ತಿಳಿಸಲಿಲ್ಲ.

ಪಾಲಿ ಹಿಲ್‌ಗೆ ಹೋಗಲೇಬೇಕು ಅಂತ ಹಟ ಹಿಡಿದವಳು ನಾನು. ದಿಲೀಪ್ ಕುಮಾರ್, ಸುನಿಲ್ ದತ್–ನರ್ಗಿಸ್ ಬದುಕಿದ ಗುಡ್ಡ. ನನಗೆ ಬೇಕಾದದ್ದು ಗುರುದತ್. 1925ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆಯ ಮನೆತನದ ಹುಡುಗ, ಕುಂದಾಪುರದ ಕಡೆಯ ಬೇರು. ಪ್ಯಾಸಾ, ಕಾಗಜ್ ಕೆ ಫೂಲ್ ಮಾಡಿದಾತ ಇಲ್ಲೇ ಒಂದು ಬಂಗಲೆಯಲ್ಲಿದ್ದ. ನೋಡೋಣ ಅಂದರೆ ಏನಿದೆ? ಸ್ವತಃ ಆತನೇ 1963ರಲ್ಲಿ ಆ ಬಂಗಲೆಯನ್ನು ಕೆಡವಿಸಿದ. ಮರುವರ್ಷ ಆತನೂ ಹೋದ. ಈಗ ಇಡೀ ಗುಡ್ಡದಲ್ಲಿ ಹಳೇ ಬಂಗಲೆ ಇಳಿದು ಗೋಪುರ ಏಳುವ ಕೆಲಸ. ಎಲ್ಲಿ ನೋಡಿದರೂ ಹಸಿರು ಪರದೆ, ಕ್ರೇನು, ಮತ್ತು ನಿಲ್ಲಬೇಡಿ ಅನ್ನುವ ವಾಚ್‌ಮನ್. ಸಿನಿಮಾ ಉಳಿದಿರುವುದು ಕೆಳಗೆ, ಚಾಪೆಲ್ ರೋಡಿನ ಗೋಡೆಗಳ ಮೇಲೆ. ರಂಜಿತ್ ದಹಿಯಾ ಎಂಬ ಕಲಾವಿದರು 2012ರಿಂದ ಬಾಂದ್ರಾದ ಗೋಡೆಗಳಿಗೆ ಹಳೇ ಸಿನಿಮಾಗಳನ್ನು ಹತ್ತಿಸುತ್ತಾ ಬಂದಿದ್ದಾರೆ. ಅವರ ಅನಾರ್ಕಲಿಯ ಕೆಳಗೆ ಸ್ಕೂಟರ್ ನಿಲ್ಲಿಸಿ ಜನ ತರಕಾರಿ ಕೊಳ್ಳುತ್ತಾರೆ. ಪಾಲಿ ಹಿಲ್‌ಗಿಂತ ನನಗೆ ಅದೇ ಚೆನ್ನಾಗಿ ಕಂಡಿತು.

ಲಿಂಕಿಂಗ್ ರೋಡಿನ ಚಪ್ಪಲಿ–ಬಟ್ಟೆ ವ್ಯಾಪಾರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗಾಂಧಿ ಬಜಾರಿನಲ್ಲಿ ಕೈ ಪಳಗಿದವರಿಗೆ ಅದು ಹೊಸದಲ್ಲ. ವ್ಯಾಪಾರಿಗಳು ಹೇಳಿದ್ದರ ಮೂರನೇ ಒಂದು ಪಾಲು ಹೇಳಿ, ಬೆನ್ನು ತಿರುಗಿಸಿ, ಎಂಟು ಹೆಜ್ಜೆ ನಡೆದರೆ ಕರೆಯುತ್ತಾರೆ. ಒಂಬತ್ತನೆಯ ಹೆಜ್ಜೆ ಇಡಬೇಡಿ.

ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಶಾರುಖ್ ಖಾನರ ಮನ್ನತ್ ಮುಂದೆ ಜನವೋ ಜನ. ಮನೆಯವರಿರಲಿಲ್ಲ, 2025ರಲ್ಲಿ ರಿಪೇರಿಗೆ ಶುರುವಿಟ್ಟು ಪಾಲಿ ಹಿಲ್ಲಿನ ಬಾಡಿಗೆ ಮನೆಗೆ ಹೋದರು ಅಂತ ಪೇಪರಿನಲ್ಲೆಲ್ಲ ಬಂದಿತ್ತು. ಆದರೂ ಜನಕ್ಕೆ ಗೇಟು ಸಾಕು. "ಶಾರುಖ್‌ಗೂ ಮಾಲೀಕರು ಮಾಂಸ ತಿಂತೀರಾ, ರಾತ್ರಿ ಎಷ್ಟು ಹೊತ್ತಿಗೆ ಬರ್ತೀರಾ, ಗೆಳೆಯರು ಬರ್ತಾರಾ ಅಂತ ಕೇಳಿರ್ತಾರಾ ಚಿಕ್ಕಮ್ಮ?" ಅಂದಳು ಅಕ್ಕನ ಮಗಳು, ತನ್ನ ಮನೆ ಹುಡುಕಾಟ ನೆನೆದು. ನಮ್ಮವರು, "ಯಾರದೋ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಷ್ಟು ಕಾಲ ಕೆಟ್ಟಿಲ್ಲ ನನಗೆ" ಅಂತ ದೂರ ನಿಂತರು. ನಾನು ಎಳನೀರು ಕುಡಿದು ತಿರುಗಿ ನೋಡುವಷ್ಟರಲ್ಲಿ, ನಾಮಫಲಕದ ಪಕ್ಕ ಎರಡೂ ಕೈ ಅಗಲಿಸಿ ನಿಂತಿದ್ದರು. ಫೋಟೋ ತೆಗೆಯುತ್ತಿದ್ದವನು ಸೂರತ್ತಿನಿಂದ ಬಂದ ಯಾರೋ ಅಪರಿಚಿತ.

ಅಲ್ಲಿಂದ ಮೌಂಟ್ ಮೇರಿ ಗುಡ್ಡ ಹತ್ತುವಾಗ ಇವರ ಎಡ ಮಂಡಿ ಮಾತಾಡಲು ಶುರು ಮಾಡಿತು. ಈಗಿನ ಚರ್ಚ್ ಕಟ್ಟಡ 1904ರದು. ಸೆಪ್ಟೆಂಬರ್ 8ರ ಆಸುಪಾಸಿನ ಜಾತ್ರೆಗಂತೂ ಬಾಂದ್ರಾದಲ್ಲಿ ಕಾಲಿಡಲು ಜಾಗವಿರುವುದಿಲ್ಲವಂತೆ. ಎಲ್ಲ ಮತದವರೂ ಬರುತ್ತಾರೆ, ಹರಕೆ ಹೊರುತ್ತಾರೆ. ಹರಕೆಗೆ ಮೇಣದ ಸಾಮಾನು: ಕೈನೋವಿಗೆ ಮೇಣದ ಕೈ, ಮಕ್ಕಳಾಗದವರಿಗೆ ಮೇಣದ ಮಗು, ಮನೆ ಬೇಕಾದವರಿಗೆ ಮೇಣದ ಮನೆ. ಎದುರಿನ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಅಕ್ಕನ ಮಗಳ ಗೆಳತಿಯರು ಆಗಲೇ ಎರಡು ಮೇಣದ ಮನೆ ಅರ್ಪಿಸಿದ್ದಾರೆ. "ಬಾಂದ್ರಾದಲ್ಲಿ ಕಂತು ಕಟ್ಟದೆ ಸಿಗೋ ಮನೆ ಇದೊಂದೇ" ಅಂದರು ನಮ್ಮ ಬ್ಯಾಂಕಿನವರು. ಅವಳಿಗೂ ಒಂದು ಕೊಡಿಸಿ, ಬಡ್ಡಿದರದ ಬಗ್ಗೆ ಸಣ್ಣ ಉಪನ್ಯಾಸವನ್ನೂ ಕೊಟ್ಟರು. ಆಮೇಲೆ ತಮ್ಮ ಮಂಡಿ ತಿಕ್ಕಿಕೊಳ್ಳುತ್ತಾ, ಅಂಗಡಿಯ ಅಜ್ಜಿಯ ಮುಂದೆ ಮೇಣದ ಕಾಲೊಂದನ್ನು ಎತ್ತಿ ಹಿಂದೆ ಮುಂದೆ ನೋಡಿ, "ಜೋಡಿ ತಗೊಂಡರೆ ಎಷ್ಟಕ್ಕೆ ಕೊಡ್ತೀರಿ?" ಅಂದರು.

ಅಜ್ಜಿ ಕನ್ನಡಕ ಏರಿಸಿ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೋವು ಯಾವ ಕಾಲಿಗೆ?"

"ಎಡಗಾಲಿಗೆ."

"ಹಾಗಾದರೆ ಒಂದೇ ತಗೊಳ್ಳಿ. ಇನ್ನೊಂದು ಕಾಲು ನೋಯೋಕೆ ಶುರುವಾದಾಗ ಬನ್ನಿ, ನೋಡೋಣ."